ಹಣೆ ಮುಟ್ಟಬಾರದ ಟಗರು

ಏಪ್ರಿಲ್ ೪, ೨೦೨೫, ಶುಕ್ರವಾರ
ನವಿ ಪೇಠ, ಸೋಲಾಪುರ

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಟೆಂಪೊ ಒಂದು ನಮ್ಮ ಬಟ್ಟೆ ಅಂಗಡಿಯ ಮುಂದೆ ನಿಂತಿತು. ಅದರಿಂದ ಒಬ್ಬ ಪೇದೆ ಇಳಿದ, ಒಂದು ಟಗರನ್ನು ಇಳಿಸಿದ, ಮೂರು ಪ್ರತಿಗಳಲ್ಲಿ ಒಂದು ಮುಚ್ಚಳಿಕೆಯನ್ನು ನನ್ನ ಮುಂದೆ ಹಿಡಿದ. ಪೂರ್ತಿ ಓದಿ, ನನ್ನ ಹೆಸರಿನಲ್ಲಿದ್ದ ತಪ್ಪನ್ನು ಮೂರೂ ಪ್ರತಿಗಳಲ್ಲಿ ತಿದ್ದಿಸಿ, ಆಮೇಲೆ ಸಹಿ ಹಾಕಿದೆ. ಪೇದೆ ಬಿಸಿಲಲ್ಲಿ ಮುಖ ಕಿವುಚಿಕೊಂಡು ನಿಂತಿದ್ದ. ಮೂವತ್ತೆಂಟು ವರ್ಷ ಕನ್ನಡ ಶಾಲೆಗಳಲ್ಲಿ ಕಲಿಸಿದವಳಿಗೆ ಇಂಥ ಮುಖಗಳು ಹೊಸವಲ್ಲ.

ಕ್ರಮವಾಗಿ ಬರೆದಿಡುತ್ತೇನೆ. ಸಾಕ್ಷಿ ಹೇಳುವ ದಿನ ಈ ಪುಟಗಳು ನೆನಪಿಗೆ ಆಸರೆಯಾಗಲಿ.

ಯುಗಾದಿಯ ದಿನ ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಯಾತ್ರಿಕರಿಂದ ನಮ್ಮ ಪ್ರಾಣಿದಯಾ ಮಂಡಳಿಯ ಮನವಿಗೆ ಸಹಿ ಪಡೆಯುತ್ತಿದ್ದೆ. ಪ್ರಾಣಿಗಳನ್ನು ಹಿಂಸಿಸಿದವನಿಗೆ ಮೊದಲ ತಪ್ಪಿಗೆ ಇಂದಿಗೂ ಐವತ್ತು ರೂಪಾಯಿಗಿಂತ ಹೆಚ್ಚು ದಂಡವಿಲ್ಲ. ಕಾಯಿದೆ ಅರವತ್ತು ವರ್ಷಕ್ಕೂ ಹಳೆಯದು. ಅದನ್ನು ಬಿಗಿಗೊಳಿಸಬೇಕೆಂಬುದು ನಮ್ಮ ಮನವಿ. ಊರ ಹೊರಗಿನ ಹೊಲದಲ್ಲಿ ಟಗರಿನ ಕಾಳಗ ನಡೆದಿದೆಯೆಂದು ಯಾರೋ ಹೇಳಿದರು. ಹೋಗಿ ನೋಡಿದೆ. ಎರಡು ಟಗರುಗಳು ಹಿಂದಕ್ಕೆ ಸರಿದು, ಓಡಿ ಬಂದು, ಹಣೆಗೆ ಹಣೆ ಬಡಿದಾಗ ಆದ ಸದ್ದು ಇನ್ನೂ ಕಿವಿಯಲ್ಲಿದೆ. ಪೊಲೀಸರಿಗೆ ಫೋನು ಮಾಡಿದೆ. ಅವರು ಬಂದಾಗ ನೂರಾರು ಜನ ಓಡಿದರು. ಸಿಕ್ಕಿದವನು ಒಬ್ಬನೇ, ಹಣೆ ಒಡೆದು ಕುಸಿದ ತನ್ನ ಟಗರಿನ ಪಕ್ಕದಿಂದ ಅವನು ಏಳಲಿಲ್ಲ. ನನ್ನನ್ನು ನೋಡಿ, “ಅಕ್ಕೋರ, ನೀವೇನ್ರಿ?” ಎಂದ. ಬೋರಾಮಣಿಯ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿ ಕಲಿಸಿದ ಗೊಲ್ಲಾಳಪ್ಪ. ಟಗರಿನ ಬಾಯಿಂದ ಸಾರಾಯಿಯ ವಾಸನೆ ಬರುತ್ತಿತ್ತು. ಅದನ್ನೂ ಫಿರ್ಯಾದಿಯಲ್ಲಿ ಬರೆದೆ.

ಅಕ್ಕಲಕೋಟದ ನ್ಯಾಯಾಲಯದಲ್ಲಿ ಅವನಿಗೆ ಜಾಮೀನು ಸಿಕ್ಕಿದೆ. ಪ್ರಕರಣ ಮುಗಿಯುವವರೆಗೆ ಟಗರಿನ ಹತ್ತಿರ ಸುಳಿಯಕೂಡದೆಂಬ ಷರತ್ತಿದೆ. ಟಗರನ್ನು ಯಾರು ನೋಡಿಕೊಳ್ಳುವರು? ಗೋಶಾಲೆಯಲ್ಲಿ ದನಗಳಿಗೇ ಸ್ಥಳವಿಲ್ಲ. ನ್ಯಾಯಾಧೀಶೆ ಸುತ್ತಲೂ ನೋಡಿದರು. ನಾನು ಎದ್ದು ನಿಂತೆ.

ಮುಚ್ಚಳಿಕೆಯ ಮುಖ್ಯ ಮಾತು: ಸದರಿ ಪ್ರಾಣಿಯನ್ನು, ಲಗತ್ತಿಸಿದ ಛಾಯಾಚಿತ್ರದಲ್ಲಿ ಇರುವ ರೂಪದಲ್ಲಿಯೇ, ಯಾವ ಬದಲಾವಣೆಯೂ ಇಲ್ಲದೆ, ಕೇಳಿದಾಗ ಹಾಜರುಪಡಿಸತಕ್ಕದ್ದು. ಸ್ಪಷ್ಟವಾಗಿದೆ. ಹಾಗೆಯೇ ಮಾಡುವೆ.

ಏಪ್ರಿಲ್ ೬, ಭಾನುವಾರ

ಸದರಿ ಪ್ರಾಣಿ ಎರಡು ದಿನದಿಂದ ಮೇವು ಮುಟ್ಟಿಲ್ಲ. ಅಂಗಡಿಯ ಹಿಂದಿನ ಅಂಗಳದಲ್ಲಿ, ನಲ್ಲಿಯ ಹತ್ತಿರ ಕಟ್ಟಿದ್ದೇವೆ. ಹಸಿರು ಹುಲ್ಲು, ಜೋಳದ ಕಣಿಕೆ, ನೆನೆಸಿದ ಕಡಲೆ ಇಟ್ಟೆ. ಮೂಸಿ ಮುಖ ತಿರುಗಿಸಿತು.

ಸಾಂತ್ವನಕ್ಕೆಂದು ಹಣೆಯ ಮೇಲೆ, ಪಶುವೈದ್ಯರು ಹಾಕಿದ ಹೊಲಿಗೆ ತಪ್ಪಿಸಿ, ಅಂಗೈ ಇಟ್ಟೆ. ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಹೆದರಿತೆಂದುಕೊಂಡೆ. ಮರುಕ್ಷಣ ನಾನು ಬಟ್ಟೆಯ ಗಂಟುಗಳ ಮೇಲೆ ಬಿದ್ದಿದ್ದೆ. ಹಗ್ಗ ಗಿಡ್ಡವಾಗಿದ್ದುದರಿಂದ ಪೂರ್ತಿ ಪೆಟ್ಟು ಬೀಳಲಿಲ್ಲ. ಎಡ ಮೊಣಕೈ ಊದಿದೆ.

ತಮ್ಮ ಮಲಕಾಜಪ್ಪ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಓಡಿ ಬಂದ. ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಆಮೇಲೆ ಬಾಯಿ ಬಿಟ್ಟ.

“ಅಕ್ಕಾ, ಫಿರ್ಯಾದಿ ಕೊಟ್ಟಾಕಿ ನೀನು. ಅದಕ್ಕ ಗೊತ್ತಾಗ್ಯದ.”

“ಪ್ರಾಣಿಗಳಿಗೆ ದ್ವೇಷವಿರುವುದಿಲ್ಲ,” ಎಂದೆ.

“ದ್ವೇಷ ಇಲ್ಲ ಖರೆ, ಕೋಡು ಅದಾವಲ್ಲ!”

ಅಂಗಡಿಯ ಮುಂದೆ ಕುಳಿತಿದ್ದ ಗಿರಾಕಿಗಳೆಲ್ಲ ನಕ್ಕರು.

ಏಪ್ರಿಲ್ ೧೦, ಗುರುವಾರ

ಸ್ವಲ್ಪ ತಿನ್ನುತ್ತಿದೆ. ಬೆಳಿಗ್ಗೆ ಒಂದು ಹಿಡಿ ಕಡಲೆ, ಸಂಜೆ ಕಣಿಕೆಯ ಎಲೆಗಳು ಮಾತ್ರ.

ಸ್ಥಳೀಯ ಪತ್ರಿಕೆಯೊಂದರಲ್ಲಿ ನನ್ನ ಮತ್ತು ಟಗರಿನ ಚಿತ್ರ ಬಂದಿದೆ. ಸುದ್ದಿ ನಿಖರವಾಗಿದೆ, ವಾಕ್ಯಗಳು ಸಡಿಲ. ಅದನ್ನು ನೋಡಿ ಸಹಿ ಹಾಕಲು ಅಂಗಡಿಗೇ ಜನ ಬರುತ್ತಿದ್ದಾರೆ. ಇಂದು ಅರವತ್ತಕ್ಕೂ ಹೆಚ್ಚು ಸಹಿ. ಮಲಕಾಜಪ್ಪ ಗೊಣಗುತ್ತಾನೆ: “ಸೀರಿ ನೋಡಾಕ ಬಂದೋರು ಟಗರ ನೋಡಿ ಹೊಂಟಾರ. ನಾಳಿಂದ ಅದನ್ನ ಗಲ್ಲೆ ಮ್ಯಾಲೆ ಕುಂದ್ರಸ್ತೀನಿ.”

ನಮ್ಮ ಮಂಡಳಿಯ ವಕೀಲೆ ಪ್ರಣಿತಾ ಸಂಜೆ ಬಂದಿದ್ದಳು. ಮೇ ತಿಂಗಳಲ್ಲಿ ಮನವಿ ಸರಕಾರಕ್ಕೆ ಹೋಗುತ್ತದೆ. ಅದರ ಮೇಲೆ ಲಗತ್ತಿಸುವ ಮುಖಪತ್ರವನ್ನು ನಾನೇ ಬರೆಯಬೇಕಂತೆ. “ಮ್ಯಾಡಮ್, ತುಮ್ಚೀ ಕೇಸ ಏಕದಮ ಸ್ಟ್ರಾಂಗ ಅದ,” ಎಂದಳು. ಒಂದು ವಾಕ್ಯದಲ್ಲಿ ಮೂರು ಭಾಷೆ. ತಿದ್ದಬೇಕೆನ್ನಿಸಿತು. ಒಳ್ಳೆಯ ಹುಡುಗಿ, ಬಿಟ್ಟೆ.

ಏಪ್ರಿಲ್ ೧೪, ಸೋಮವಾರ

ಬಿಸಿಲು ನಲವತ್ತೆರಡು ದಾಟಿದೆ. ಪ್ರಾಣಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಪಕ್ಕೆಗಳು ಹಾರುವುದು ದೂರದಿಂದಲೇ ಕಾಣುತ್ತದೆ. ಗೋಣಿತಾಟು ಕಟ್ಟಿ ನೆರಳು ಮಾಡಿಸಿದೆ. ಎರಡು ಗಂಟೆಗೊಮ್ಮೆ ನೀರು ಬದಲಿಸುತ್ತೇನೆ.

ಹಣೆಯ ಹೊಲಿಗೆ ಬಿಚ್ಚಲು ಪಶುವೈದ್ಯರು ಬಂದಿದ್ದರು. ಗಾಯ ಮಾಯ್ದಿದೆ. ಹೋಗುವಾಗ, “ಉಣ್ಣೆ ಕತ್ತರಿಸಿಬಿಡಿ ಮೇಡಂ, ಈ ಬಿಸಿಲಿಗೆ ತಡೆಯುವುದಿಲ್ಲ,” ಎಂದರು.

ನಾನು ಛಾಯಾಚಿತ್ರವನ್ನು ತಂದು ತೋರಿಸಿದೆ. ಚಿತ್ರದಲ್ಲಿ ಉಣ್ಣೆಯಿದೆ. ಉಣ್ಣೆ ತೆಗೆದರೆ ರೂಪ ಬದಲಾಗುತ್ತದೆ. ಇದು ಆ ಟಗರೇ ಅಲ್ಲವೆಂದು ನಾಳೆ ಆರೋಪಿಯ ವಕೀಲ ವಾದಿಸಬಹುದು. ವೈದ್ಯರು ಚಿತ್ರವನ್ನೂ ನನ್ನನ್ನೂ ನೋಡಿ, “ನಿಮ್ಮಿಷ್ಟ,” ಎಂದು ಹೊರಟರು.

ಪ್ರಣಿತಾಳಿಗೆ ಫೋನು ಮಾಡಿದೆ. ಕತ್ತರಿಸಿರಿ, ಆಮೇಲೆ ನೋಡೋಣ ಎಂದಳು. ಕಾಯಿದೆ ಬಿಗಿಯಾಗಬೇಕೆಂದು ಊರೂರು ತಿರುಗುವವಳು ಕೈಯಾರೆ ಸಹಿ ಮಾಡಿದ ಕಾಗದವನ್ನು ಮುರಿಯಲೇ? ಉಣ್ಣೆ ಕತ್ತರಿಸಲು ಅನುಮತಿ ಕೋರಿ ನ್ಯಾಯಾಲಯಕ್ಕೆ ಅರ್ಜಿ ಬರೆಯಲು ಕುಳಿತೆ. ಮೊದಲ ಕರಡು ಸಮಾಧಾನ ತರಲಿಲ್ಲ. ನಾಳೆ ಮತ್ತೊಮ್ಮೆ.

ಏಪ್ರಿಲ್ ೧೬, ಬುಧವಾರ

ಮೂರನೆಯ ಕರಡು ದೋಷರಹಿತವಾಗಿತ್ತು. ಅಕ್ಕಲಕೋಟಕ್ಕೆ ಹೋಗಿ ಅರ್ಜಿ ಸಲ್ಲಿಸಿದೆ. ವಿಚಾರಣೆಯ ದಿನವೇ, ಅಂದರೆ ಇಪ್ಪತ್ತೆಂಟಕ್ಕೆ, ಪರಿಶೀಲಿಸುತ್ತಾರಂತೆ. ಹನ್ನೆರಡು ದಿನ.

ಬಸ್ಸಿನಲ್ಲಿ ಬರುವಾಗ, ಮೊದಲ ಕರಡನ್ನೇ ಕೊಟ್ಟಿದ್ದರೆ ನಿನ್ನೆಯೇ ಸಲ್ಲುತ್ತಿತ್ತಲ್ಲವೇ ಎಂದು ಒಮ್ಮೆ ಅನ್ನಿಸಿತು.

ಏಪ್ರಿಲ್ ೧೮, ಶುಕ್ರವಾರ

ಕಡಲೆ ಮುಟ್ಟಿಲ್ಲ. ನೀರು ಕುಡಿಯಿತು. ಬಾಲದ ಕಡೆ ತಿರುಗಿ ತಿರುಗಿ ನೋಡುತ್ತದೆ, ಗೋಡೆಗೆ ಮೈ ಉಜ್ಜುತ್ತದೆ. ಅಂಗಳದಲ್ಲಿ ಒಂದು ವಾಸನೆ. ಗಟಾರದ್ದಿರಬಹುದು.

ಏಪ್ರಿಲ್ ೧೯, ಶನಿವಾರ

ಗಟಾರವನ್ನು ತೊಳೆಸಿದೆ. ವಾಸನೆ ಹೋಗಿಲ್ಲ.

ಏಳುತ್ತಿಲ್ಲ.

ಇದು ನನ್ನ ವಶದಲ್ಲಿ ಸತ್ತರೆ?

ಏಪ್ರಿಲ್ ೨೦, ಭಾನುವಾರ

ಎಲ್ಲವನ್ನೂ ಬರೆಯಬೇಕು, ಆದದ್ದು ಆದಂತೆ.

ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಡಿಯ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಬಂದು ನಿಂತಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಕಂಬಳಿಯ ಗಂಟು.

“ಅಕ್ಕೋರ, ಮಾಳ್ಯಾ ಎಲ್ಲಿ ಅದಾನ್ರಿ?”

“ಯಾವ ಮಾಳ್ಯಾ? ಯಾರಮ್ಮ ನೀನು?”

“ನಮ್ಮ ಟಗರ್ರಿ. ನಾ ಗೊಲ್ಲಾಳಪ್ಪನ ಹೇಣ್ತಿ, ಸಕ್ಕುಬಾಯಿ. ಕೋರ್ಟಿನವ್ರು ಅವ್ರಿಗಿ ಬರಬ್ಯಾಡ ಅಂದಾರ. ನನಗೇನೂ ಅಂದಿಲ್ಲ.”

ಮಾತು ಸರಿಯಾಗಿತ್ತು. ಒಳಗೆ ಕರೆದುಕೊಂಡು ಹೋದೆ. ಅವಳ ಧ್ವನಿ ಕೇಳಿದ್ದೇ ತಡ, ಹದಿನಾರು ದಿನ ಸೊಲ್ಲೆತ್ತದಿದ್ದ ಪ್ರಾಣಿ ಒದರಿತು. ಏಳಲು ನೋಡಿ ಮುಂಗಾಲಿನ ಮೇಲೆಯೇ ಕುಸಿಯಿತು. ಸಕ್ಕುಬಾಯಿ ಕುಕ್ಕರಗಾಲಿನಲ್ಲಿ ಕುಳಿತು ಗದ್ದದ ಕೆಳಗೆ ಕೆರೆದಳು. ಇನ್ನೊಂದು ಕೈಯಿಂದ ಬಾಲದ ಹತ್ತಿರದ ಉಣ್ಣೆಯನ್ನು ಬಿಡಿಸಿ ನೋಡಿದಳು. ಕೈ ಅಲ್ಲಿಯೇ ನಿಂತಿತು.

“ಅಯ್ಯ ನಮ್ಮಪ್ಪಾ! ಅಕ್ಕೋರ, ಹುಳ ಬಿದ್ದಾವ್ರಿ. ಕೋಡು ಬಡದ ಗಾಯ ತುಪ್ಪಟದಾಗ ಮುಚ್ಚಿಕೊಂಡು ಕೊಳತದ. ನೀವ ಒಮ್ಮಿನೂ ಬಿಡಿಸಿ ನೋಡಿಲ್ಲೇನ್ರಿ?”

ನೋಡಿದೆ. ಗಾಯ ಅಂಗೈಯಷ್ಟಿತ್ತು. ಒಳಗೆ ಬಿಳಿಯ ಹುಳುಗಳು ಕದಲುತ್ತಿದ್ದವು.

ಮುಚ್ಚಳಿಕೆ, ಛಾಯಾಚಿತ್ರ, ಅರ್ಜಿ, ಇಪ್ಪತ್ತೆಂಟನೆಯ ತಾರೀಖು ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

“ಇಪ್ಪತ್ತೆಂಟರ ಮಟಾ ಹುಳ ಕಾಯ್ತಾವೇನ್ರಿ?”

ವೈದ್ಯರಿಗೆ ಫೋನು ಮಾಡಿದೆ. ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು, ಮರುದಿನ ಸಂಜೆ ಬರುತ್ತಾರಂತೆ. ನೀನೇ ಕತ್ತರಿಸಮ್ಮ ಎಂದು ಸಕ್ಕುಬಾಯಿಗೆ ಹೇಳಿದೆ. ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರಂತೆ, ಮನೆಯ ಗಂಡಸೇ ಕತ್ತರಿ ಹಿಡಿಯಬೇಕಂತೆ. ಆಮೇಲೆ ಸೆರಗಿನ ತುದಿ ತಿರುವುತ್ತ ಹೇಳಿದಳು: “ಅವ್ರು ಅಲ್ಲೇ ಚಹಾದಂಗಡಿ ಮುಂದ ನಿಂತಾರ್ರಿ. ಕತ್ತರಿ ತಂದಾರ.”

ಮಲಕಾಜಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಅಕ್ಕಾ, ಆರೋಪಿನ್ನ ಮನಿಯೊಳಗ ಕರೀತಿ? ಅವನ ಜಾಮೀನ ಹೋಗ್ತದ, ನಿನ್ನ ಮಾನ ಹೋಗ್ತದ. ಪೇಪರದಾಗ ಮತ್ತೊಮ್ಮಿ ಫೋಟೋ ಬರ್ತದ ನೋಡು.”

ನಾನು ಟಗರನ್ನೇ ನೋಡುತ್ತಿದ್ದೆ. ಬಾಯಿ ತೆರೆದೇ ಇತ್ತು.

“ಕರೆ,” ಎಂದೆ.

ಗೊಲ್ಲಾಳಪ್ಪ ಒಳಗೆ ಬಂದ ಮೇಲೆ ತಮ್ಮ ತಾನೇ ಅಂಗಡಿಯ ಶಟರ್ ಎಳೆದ. ಹಾಡಹಗಲು ಹನ್ನೊಂದಕ್ಕೆ ನಮ್ಮ ಅಂಗಡಿ ಮುಚ್ಚಿದ್ದು ನನ್ನ ನೆನಪಿನಲ್ಲಿಲ್ಲ.

ಗೊಲ್ಲಾಳಪ್ಪ ನನ್ನ ಮುಖ ನೋಡಲಿಲ್ಲ. ಟಗರಿನ ಬೆನ್ನಿಗೆ ಭಂಡಾರದ ಅರಿಶಿನ ಹಚ್ಚಿ, ಕತ್ತರಿಯನ್ನು ಕಣ್ಣಿಗೊತ್ತಿಕೊಂಡ. ದೇವರ ಟಗರಿನ ಉಣ್ಣೆ ನೆಲಕ್ಕೆ ಬೀಳಕೂಡದಂತೆ. ಕಂಬಳಿಯನ್ನು ಹಾಸಿ ಒಂದು ಅಂಚನ್ನು ಸಕ್ಕುಬಾಯಿ ಹಿಡಿದಳು. ಇನ್ನೊಂದಕ್ಕೆ ಯಾರೂ ಇರಲಿಲ್ಲ. ನಾನು ಹಿಡಿದೆ.

ಕತ್ತರಿ ಓಡುತ್ತಿರುವಾಗ ಅವನು ತಲೆಯೆತ್ತದೆಯೇ ಮಾತನಾಡಿದ.

“ಅಕ್ಕೋರ, ಕಾಗುಣಿತ ತಪ್ಪಿದ್ರ ನೀವು ಬೆರಳ ಮ್ಯಾಲೆ ಫುಟಪಟ್ಟಿಲೆ ಹೊಡೀತಿದ್ರಿ. ನೆನಪದ ಏನ್ರಿ? ಆವಾಗೂ ಒಂದ ಕಾಯಿದಿ ಇರಬೇಕಾಗಿತ್ರಿ.”

“ಬಾಯಿ ಮುಚ್ಚಿ ಕತ್ತರಿಸು ಮಾರಾಯಾ,” ಎಂದಳು ಹೆಂಡತಿ.

“ಅದಕ್ಕೆ ಸಾರಾಯಿ ಕುಡಿಸಿದ್ದೆ ನೀನು,” ಎಂದೆ ನಾನು.

“ಒಂದ ಮುಚ್ಚಳ, ಅಕ್ಕೋರ.”

“ಒಂದು ಮುಚ್ಚಳವೂ ತಪ್ಪೇ.”

ನಾನು ಕಂಬಳಿಯ ಅಂಚನ್ನು ಸರಿಪಡಿಸಿಕೊಂಡೆ. ಬಲಗೈಯ ಬೆರಳುಗಳನ್ನು ಅವನು ಒಮ್ಮೆ ಮಡಚಿ ಬಿಚ್ಚಿದ. ಕತ್ತರಿ ಹಿಡಿದು ನೋವಾಗಿತ್ತೇನೋ.

ಹುಳುಗಳನ್ನು ಒಂದೊಂದಾಗಿ ತೆಗೆದರು. ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚಿದರು. ಹೋಗುವಾಗ ಸಕ್ಕುಬಾಯಿ ಹೇಳಿದ ಮಾತು: “ಹಣಿ ಮ್ಯಾಲೆ ಕೈ ಇಡಬ್ಯಾಡ್ರಿ. ಮರಿ ಇದ್ದಾಗಿಂದ ಹಣಿಗಿ ಅಂಗೈ ಒತ್ತಿ ಒತ್ತಿ ಕಾಳಗ ಕಲಿಸ್ಯಾರ. ಹಣಿ ಮುಟ್ಟಿದ್ರ ಹೊಡಿ ಅಂದಂಗ ಅವಗ. ಗದ್ದ ಕೆರೀರಿ.”

ಜಗತ್ತಿನಲ್ಲಿ ಎಲ್ಲರೂ ಮಕ್ಕಳನ್ನು ಮುಟ್ಟುವುದು ಮೊದಲು ಹಣೆಯನ್ನೇ.

ಸಂಜೆ ಮಾಳ್ಯಾ ಎರಡು ಹಿಡಿ ಕಡಲೆ ತಿಂದ.

ಏಪ್ರಿಲ್ ೨೧, ಸೋಮವಾರ

ಉಣ್ಣೆಯ ಗಂಟು ನನ್ನ ಟ್ರಂಕಿನಲ್ಲಿದೆ. ಸಾಕ್ಷ್ಯವಲ್ಲವೇ, ಇರಲಿ ಎಂದು ನಾನೇ ಇರಿಸಿಕೊಂಡೆ. ಹೊರಗೆ ಹೆಜ್ಜೆಯ ಸದ್ದಾದರೆ ಪೇದೆಯೇ ಬಂದನೆನ್ನಿಸುತ್ತದೆ.

ವೈದ್ಯರು ಬಂದು ಚುಚ್ಚುಮದ್ದು ಕೊಟ್ಟರು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಕತ್ತರಿಸಿದ್ದು ಯಾರೆಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಏಪ್ರಿಲ್ ೨೫, ಶುಕ್ರವಾರ

ಪ್ರಣಿತಾ ಬಂದಿದ್ದಳು. ಎಲ್ಲವನ್ನೂ ಹೇಳಿದೆ. ಅವಳ ಮುಖ ಬಿಳಿಚಿತು.

“ಮ್ಯಾಡಮ್, ಕೋರ್ಟಿನ್ಯಾಗ ಇದನ್ನ ಹೇಳಬ್ಯಾಡ್ರಿ. ಡಾಕ್ಟರ್ ಕತ್ತರಿಸಿದ್ರು ಅನ್ರಿ, ಯಾರೂ ಕೇಳಂಗಿಲ್ಲ. ಅಂವ ಬಂದಿದ್ದ ಅಂತ ಗೊತ್ತಾದ್ರ ಅವನ್ನ ಒಳಗ ಹಾಕ್ತಾರ. ನಿಮ್ಮ ಸಾಕ್ಷಿ ಬೀಳ್ತದ. ಮನವಿ ಮುಂದ ನಿಮ್ಮ ಹೆಸರ ಅದ, ಅದಕ್ಕೂ ಜನ ನಗತಾರ.”

ಮೂವತ್ತೆಂಟು ವರ್ಷ ಮಕ್ಕಳಿಗೆ ಏನು ಹೇಳುತ್ತ ಬಂದೆನೋ ಅದನ್ನೇ ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಆದರೆ ನಾನು ಸತ್ಯ ನುಡಿದರೆ ಸೆರೆಗೆ ಹೋಗುವವನು ಇನ್ನೊಬ್ಬ.

ಇನ್ನೊಂದು ಚಿಂತೆ. ಗೊಲ್ಲಾಳಪ್ಪ ತಪ್ಪೊಪ್ಪಿಕೊಳ್ಳುತ್ತಾನಂತೆ. ಇದು ಮೊದಲ ಅಪರಾಧ. ಟಗರು ಅವನಿಗೇ ಮರಳುವ ಸಾಧ್ಯತೆ ಹೆಚ್ಚು. ನಾನು ಆಕ್ಷೇಪಿಸಬಹುದು. ಆಕ್ಷೇಪಣೆ ಒಂದೂವರೆ ಪುಟ ಬರೆದಿದ್ದೇನೆ. ಅವನ ಬಳಿ ಹೋದರೆ ಶ್ರಾವಣದ ಜಾತ್ರೆಗಳ ಕಾಳಗದಲ್ಲಿ ಮತ್ತೆ ಹಣೆ ಒಡೆಯುತ್ತದೆ. ನನ್ನ ಬಳಿ ಇದ್ದರೆ?

ಮುಂದೆ ಬರೆಯಲಾರೆ. ನಿದ್ದೆಯಿಲ್ಲ, ಹಸಿವಿಲ್ಲ. ಮಾಳ್ಯಾನಿಗೆ ನೀರಿಡಬೇಕು.

ಏಪ್ರಿಲ್ ೨೮, ಸೋಮವಾರ
ಅಕ್ಕಲಕೋಟದಿಂದ ಮರಳಿ

ಮಾಳ್ಯಾನನ್ನು ಟೆಂಪೊದಲ್ಲಿ ಕರೆದೊಯ್ದೆವು. ನ್ಯಾಯಾಲಯದ ಬೇವಿನ ಮರಕ್ಕೆ ಕಟ್ಟಿದೆವು.

ಗೊಲ್ಲಾಳಪ್ಪ ತಪ್ಪೊಪ್ಪಿಕೊಂಡ. ಐವತ್ತು ರೂಪಾಯಿ ದಂಡ. ಅಲ್ಲಿಯೇ ಕಟ್ಟಿದ. ಇಷ್ಟಕ್ಕಾಗಿ ಕಾಯಿದೆಯೆಂಬ ಹೆಸರು!

ಆಮೇಲೆ ನ್ಯಾಯಾಧೀಶೆ ಛಾಯಾಚಿತ್ರವನ್ನು ನೋಡಿದರು, ಕಿಟಕಿಯಿಂದ ಬೇವಿನ ಮರದತ್ತ ನೋಡಿದರು. ಟಗರನ್ನು ಮಾಲೀಕನಿಗೆ ಮರಳಿಸಲು ಫಿರ್ಯಾದಿಯ ಆಕ್ಷೇಪವಿದೆಯೇ, ಪ್ರಾಣಿಯ ರೂಪ ಬದಲಾದದ್ದೇಕೆ ಎಂದು ಮರಾಠಿಯಲ್ಲಿ ಕೇಳಿದರು. ಪ್ರಣಿತಾ ನನ್ನ ಸೆರಗು ಜಗ್ಗಿದಳು.

ಬರೆದುಕೊಂಡು ಹೋದ ಮರಾಠಿ ವಾಕ್ಯಗಳು ಉಪಯೋಗಕ್ಕೆ ಬರಲಿಲ್ಲ.

“ಸಾಹೇಬ್ರ, ತಪ್ಪು ನಂದ್ರಿ,” ಎಂದೆ. “ನನ್ನ ಕೈಯಾಗ ಅವಗ ಹುಳ ಬಿದ್ದಿದ್ವು. ಕಾಗದ ನೋಡ್ಕೋತ ಕುಂತೆ, ಮೈ ನೋಡಲಿಲ್ಲ. ಕತ್ತರಿಸಾಕ ಇವನ್ನ ನಾನ ಕರಸೀನಿ. ಷರತ್ತು ಅವನ ಮ್ಯಾಲಿತ್ತು, ಮುರದಾಕಿ ನಾನು. ಶಿಕ್ಷೆ ಆಗೋದಿದ್ರ ನನಗಾಗ್ಲಿ.”

ಗುಮಾಸ್ತ ಅದನ್ನು ಮರಾಠಿಗೆ ತಿರುಗಿಸಿ ಹೇಳಿದ. ನೆರೆದವರಲ್ಲಿ ಯಾರೋ ನಕ್ಕರು. ಗೊಲ್ಲಾಳಪ್ಪ ಮಾತ್ರ ನೆಲ ನೋಡುತ್ತಿದ್ದ. ನಾನು ಕಟಕಟೆಯನ್ನು ಹಿಡಿದುಕೊಂಡು ನಿಂತೆ.

ನ್ಯಾಯಾಧೀಶೆ ಬಹಳ ಹೊತ್ತು ಬರೆದರು. ಷರತ್ತು ಮುರಿಯಲು ಅವಕಾಶ ಕೊಟ್ಟಿದ್ದಕ್ಕೂ ಪ್ರಾಣಿಯ ಆರೈಕೆಯಲ್ಲಿ ತೋರಿದ ಅಲಕ್ಷ್ಯಕ್ಕೂ ನನಗೆ ಲಿಖಿತ ತಾಕೀತು. ಜೀವ ಉಳಿಸಲು ಬಂದವನೆಂಬ ಕಾರಣಕ್ಕೆ ಗೊಲ್ಲಾಳಪ್ಪನ ಮೇಲೆ ಹೊಸ ಕ್ರಮವಿಲ್ಲ. ಆಮೇಲೆ ಮತ್ತೆ ನನ್ನನ್ನೇ ಕೇಳಿದರು, ಟಗರು ಯಾರ ಬಳಿ ಇರಬೇಕು?

ಒಂದೂವರೆ ಪುಟದ ಆಕ್ಷೇಪಣೆ ನನ್ನ ಚೀಲದಲ್ಲಿತ್ತು. ಅದನ್ನು ಹೊರತೆಗೆಯಲಿಲ್ಲ. ಸಕ್ಕುಬಾಯಿಯ ಕಡೆ ಕೈ ತೋರಿಸಿದೆ.

ಹೊಸ ಮುಚ್ಚಳಿಕೆ ಸಕ್ಕುಬಾಯಿಯ ಹೆಸರಿನಲ್ಲಿ ಆಯಿತು: ಕಾಳಗಕ್ಕೆ ಒಯ್ಯಕೂಡದು, ಸಾರಾಯಿ ಕುಡಿಸಕೂಡದು, ಹದಿನೈದು ದಿನಕ್ಕೊಮ್ಮೆ ನಾನು ಹೋಗಿ ನೋಡಿ ವರದಿ ಕೊಡತಕ್ಕದ್ದು. ಅವಳು ಹೆಬ್ಬೆಟ್ಟು ಒತ್ತಿದಳು. ಒತ್ತಿ, ಗಂಡನ ಕಡೆ ತಿರುಗಿ, “ಇನ್ನ ಮ್ಯಾಲೆ ಅಂವ ನನ್ನಾಂವ. ಕೈ ಹಚ್ಚಿದ್ರ ನೋಡು!” ಎಂದಳು.

ಟೆಂಪೊ ಅವರೊಂದಿಗೆ ಬೋರಾಮಣಿಗೆ ಹೋಯಿತು. ನಾನು ಬಸ್ಸಿನಲ್ಲಿ ಬಂದೆ. ತಾಕೀತಿನ ಪ್ರತಿಯನ್ನು ಈ ಪುಟಕ್ಕೆ ಅಂಟಿಸಿದ್ದೇನೆ. ಅಂಗಳದಲ್ಲಿ ನೀರಿನ ಬಾನಿ ಇನ್ನೂ ಹಾಗೆಯೇ ಇದೆ. ಮಲಕಾಜಪ್ಪ ಎರಡು ಸಲ ಹೋಗಿ ನೋಡಿ ಬಂದ.

ಮೇ ೧೧, ಭಾನುವಾರ

ಮುಖಪತ್ರ ಮುಗಿದಿದೆ. ದಂಡ ಹೆಚ್ಚಿಸಬೇಕು, ಶಿಕ್ಷೆ ಕಠಿಣವಾಗಬೇಕು. ಆ ಬೇಡಿಕೆಗಳಲ್ಲಿ ಒಂದಕ್ಷರ ಸಡಿಲಿಸಿಲ್ಲ. ಕೊನೆಯಲ್ಲಿ ಹೊಸದೊಂದನ್ನು ಸೇರಿಸಿದೆ: ಜಪ್ತಿಯಾದ ಪ್ರಾಣಿಯನ್ನು ವಾರಕ್ಕೊಮ್ಮೆ ವೈದ್ಯರು ಮೈ ಮುಟ್ಟಿ ನೋಡಬೇಕು, ಅದರ ನೋವು ಕಳೆಯಲು ಯಾರ ಅನುಮತಿಗೂ ಕಾಯಬೇಕಿಲ್ಲ. ಇದಕ್ಕೆ ಆಧಾರವೇನೆಂದು ಪ್ರಣಿತಾ ಕೇಳಿದಳು. ತಾಕೀತಿನ ನಕಲನ್ನು ಲಗತ್ತಿಸು ಎಂದೆ. ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡಳು.

ಇಂದು ಬೋರಾಮಣಿಗೆ ಹೋಗಿದ್ದೆ. ಸಕ್ಕುಬಾಯಿ ಮನವಿಗೆ ಹೆಬ್ಬೆಟ್ಟು ಒತ್ತಿದಳು. ಗೊಲ್ಲಾಳಪ್ಪನ ಮುಂದೆಯೂ ಹಿಡಿದೆ. “ನಂದು ಒಂದ ಸಹಿ ಕೋರ್ಟಿನ್ಯಾಗ ಆಗ್ಯದ, ಸಾಕ್ರಿ,” ಎಂದು ನಕ್ಕ. ಆ ನಗೆ ನನಗೆ ಸೇರಲಿಲ್ಲ. ಶ್ರಾವಣ ದೂರವಿಲ್ಲ. ಯಾರಿಗೂ ತಿಳಿಸದೆ, ವಾರವಾರವೂ ಹೋಗಿ ನೋಡಬೇಕೆಂದು ನಿಶ್ಚಯಿಸಿದ್ದೇನೆ.

ಕುರಿಗಳು ಮಾಳದ ಹುಲ್ಲಿನಲ್ಲಿದ್ದವು. ಮಾಳ್ಯಾ ನನ್ನನ್ನು ಕಂಡು ಹಿಂಡು ಬಿಟ್ಟು ಬಂದ. ಗಾಯದ ಸುತ್ತ ಹೊಸ ಉಣ್ಣೆ ಬೆರಳಿನ ಉಗುರಿನಷ್ಟು ಬೆಳೆದಿದೆ. ಸಂತೋಷದಲ್ಲಿ ಮರೆತೆ. ನನ್ನ ಕೈ ನೇರ ಅವನ ಹಣೆಗೆ ಹೋಯಿತು.

ಅವನು ಹಿಂದಕ್ಕೆ ಸರಿದ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು.

“ಕೈ ತಗೀರಿ ಅಕ್ಕೋರ! ಬದಿಗಿ ಸರೀರಿ!” ಗೊಲ್ಲಾಳಪ್ಪ ಕೂಗುತ್ತ ಓಡಿ ಬರುತ್ತಿದ್ದ. ಕೈ ಕೆಳಗಿಳಿಸಿದೆ. ಕಾಲು ಮಾತ್ರ ಕದಲಲಿಲ್ಲ. ಇಲ್ಲಿ ಹಗ್ಗವೂ ಇರಲಿಲ್ಲ.

ಮಾಳ್ಯಾ ತಲೆ ತಗ್ಗಿಸಿ ಓಡಿ ಬಂದ. ಒಂದು ಮೊಳ ದೂರದಲ್ಲಿ ನಿಂತ. ಇಬ್ಬರೂ ಏದುಸಿರು ಬಿಡುತ್ತಿದ್ದೆವು.

ಆಮೇಲೆ ಅವನು ಗದ್ದ ಮೇಲೆತ್ತಿದ.

ಕೆರೆದೆ.